ಜಾಗ ಬದಲಾದ ಮೊಳೆ

ಇಲ್ಲ ಮೇಷ್ಟ್ರೇ, ಕಣ್ಣು ಮನಸ್ಸಿನ ಆಳು, ಮನಸ್ಸು ಹೇಳಿದ ಕಡೆ ನೋಡುತ್ತದೆ ಎಂದು ನೀವು ಎಷ್ಟು ಸಲ ಹೇಳಿದರೂ ನಾನು ಒಪ್ಪುವವನಲ್ಲ. ಆಳೇ ಇರಬಹುದು. ಆದರೆ ಹಳೆಯ ಆಳು. ಯಜಮಾನ ಬಾಯಿ ತೆರೆಯುವ ಮೊದಲೇ ತನಗೆ ಗೊತ್ತಿರುವ ಕೆಲಸಕ್ಕೆ ಹೊರಟುಬಿಡುವ ಆಳು. ನಮ್ಮ ಮನೆಯ ಗಡಿಯಾರ ರಿಪೇರಿಗೆ ಹೋಗಿ ಯಾವ ಕಾಲವಾಯಿತು? ಅದನ್ನು ಅಂಗಡಿಗೆ ಹೊತ್ತುಕೊಂಡು ಹೋದವರೇ ನೀವು. ಈಗ ಹೊರಡುವಾಗ ಖಾಲಿ ಗೋಡೆಯ ಮೇಲಿನ ಮೊಳೆ ನೋಡಿ, "ಓಹೋ, ಹೊತ್ತಾಯ್ತು" ಎಂದು ಚಪ್ಪಲಿ ಮೆಟ್ಟಿದಿರಿ. ಮೊಳೆ ಎಷ್ಟು ಗಂಟೆ ತೋರಿಸುತ್ತಿತ್ತು ಮೇಷ್ಟ್ರೇ?

ನೀವು ಎದ್ದು ಹೋದರೇನಂತೆ, ನಿಮ್ಮ ಕುರ್ಚಿ ಇಲ್ಲೇ ಇದೆ. ಅದಕ್ಕೇ ಹೇಳುತ್ತೇನೆ. ಅದು ನಿಮಗಿಂತ ಒಳ್ಳೆಯ ಕೇಳುಗ, ಮಧ್ಯೆ ಬಾಯಿ ಹಾಕುವುದಿಲ್ಲ. "ನಿಮ್ಮ ಅತ್ತಿಗೆ ಗಮನ ಕೊಡಲಿಲ್ಲ, ಅಷ್ಟೇ ಸ್ವಾಮಿ" ಎಂದು ನೀವು ತಣ್ಣಗೆ ಹೇಳಿ ಹೋದಿರಲ್ಲ, ಆ ಮಾತು ನನ್ನ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿದೆ. ಮೊದಲಿಂದ ಕೇಳಿದ್ದರೆ ಹಾಗೆ ಹೇಳುತ್ತಿರಲಿಲ್ಲ.

ನನ್ನ ಅಣ್ಣ, ಅತ್ತಿಗೆ, ನಾನು, ಮೂವರೂ ಒಂದೇ ಕೋಲ್ಡ್ ಸ್ಟೋರೇಜಿನಲ್ಲಿ ದುಡಿದವರು. ಅಣ್ಣ ಪೆಟ್ಟಿಗೆ ಹೊರುವವನು. ನಾನು ತಂಪು ಮಾಡುವ ಯಂತ್ರದ ಮೆಕ್ಯಾನಿಕ್ಕು. ಅತ್ತಿಗೆ ಬೀಗದ ಕೈಗಳನ್ನು ಕಾಯುವವರು. ಉದ್ದನೆಯ ಕಾರಿಡಾರು, ಎರಡೂ ಕಡೆ ಹಾಸಿಗೆಯಷ್ಟು ದಪ್ಪದ ಬಾಗಿಲುಗಳು, ಒಂದೊಂದು ಬಾಗಿಲ ಹಿಂದೆ ಒಬ್ಬೊಬ್ಬ ವ್ಯಾಪಾರಿಯ ಸರಕು. ಸೇಬು, ಬೆಣ್ಣೆ, ಬಟಾಣಿ, ಔಷಧ, ಎಲ್ಲಕ್ಕಿಂತ ಕೊನೆಯಲ್ಲಿ ಎಲ್ಲಕ್ಕಿಂತ ತಣ್ಣಗಿನ ಮೀನಿನ ಕೋಣೆ. ಆ ಕೋಣೆಯ ಇಲಿಗಳಿಗೆ ಚಳಿಗೆ ಕರಡಿಯ ಹಾಗೆ ಕೂದಲು ಬೆಳೆದು, ಬೆಕ್ಕುಗಳು ಅವನ್ನು ಕಂಡರೆ ದಾರಿ ಬಿಟ್ಟು ನಿಲ್ಲುತ್ತಿದ್ದವು. ಒಂದನ್ನು ಅಣ್ಣ ಕಂಬಳಿ ಎಂದು ತಿಳಿದು ಹೊದೆಯಲು ಹೋಗಿದ್ದ. ಸರಿ, ಅದನ್ನು ಬೇಕಾದರೆ ಬಿಡಿ. ಇಲಿಯನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಮುಂದಿನದನ್ನು ಮಾತ್ರ ನಂಬಲೇಬೇಕು, ಯಾಕೆಂದರೆ ಅದನ್ನು ಸುಳ್ಳು ಮಾಡಿ ಹೇಳುವ ಧೈರ್ಯ ನನಗೂ ಇಲ್ಲ. ಅತ್ತಿಗೆ ಒಳಗೇ ಇದ್ದಾರೆ, ಕಿವಿ ಚುರುಕು.

ಅತ್ತಿಗೆಯನ್ನು ಅಲ್ಲಿ ಎಲ್ಲರೂ ಬೀಗದಮ್ಮ ಎನ್ನುತ್ತಿದ್ದರು. ಅವರ ಕೋಣೆ ಕಾರಿಡಾರಿನ ಬಾಯಿಯಲ್ಲೇ ಇತ್ತು. ಒಂದು ಮೇಜು, ಒಂದು ಸ್ಟೂಲು, ಎದುರಿಗೆ ಒಂದು ಇಡೀ ಗೋಡೆ ತುಂಬ ಕೊಕ್ಕೆಗಳು, ಕೊಕ್ಕೆಗೊಂದು ಬೀಗದ ಕೈ. ಕೊಕ್ಕೆಗಳು ಸಾಲಾಗಿ ನೆಟ್ಟಗಿರಲಿಲ್ಲ. ಕೋಣೆಗಳು ಹೆಚ್ಚಾದ ಹಾಗೆಲ್ಲ ಯಾರ ಕೈಗೆ ಎಲ್ಲಿ ಎಟುಕಿತೋ ಅಲ್ಲಿ ಹೊಡೆದದ್ದು. ನಡುವೆ ಕರೆಂಟಿನ ಮೀಟರ್ ಡಬ್ಬ. ಚಾವಣಿಯಿಂದ ಒಂದು ಬಿರುಕು ಇಳಿದು ಬಂದು ಡಬ್ಬದ ಕೆಳಗೆ ಕವಲೊಡೆಯುತ್ತಿತ್ತು. ಬೀಗದ ಕೈಗಳಿಗೆ ಹಿತ್ತಾಳೆ ಬಿಲ್ಲೆಗಳೇನೋ ಇದ್ದವು. ಆದರೆ ಕೈ ತಾಗಿ ತಾಗಿ ಅವುಗಳ ಮೇಲಿನ ಅಂಕಿ ಸವೆದು, ಮುದುಕನ ಹಲ್ಲಿನ ಹಾಗೆ ಅಲ್ಲೊಂದು ಇಲ್ಲೊಂದು ಉಳಿದಿದ್ದವು.

ಅತ್ತಿಗೆಗೆ ಅಂಕಿ ಬೇಕಿರಲಿಲ್ಲ. ಲಾರಿಯವನು ಬಂದು "ಅಮ್ಮಾ, ಬೆಣ್ಣೆ" ಎಂದರೆ ಸಾಕು. ಪಕ್ಕದವಳ ಜೊತೆ ಆಡುತ್ತಿದ್ದ ಮಾತು ನಿಲ್ಲಿಸದೆ ಕೈ ಚಾಚಿ ತೆಗೆದುಕೊಡುತ್ತಿದ್ದರು. ಮುಖ ಗೋಡೆಯ ಕಡೆ ತಿರುಗುವಷ್ಟರಲ್ಲಿ ಕಣ್ಣು ಆಗಲೇ ಅಲ್ಲಿ ಹೋಗಿ ಕೂತು ಕಾಯುತ್ತಿರುತ್ತಿತ್ತು.

"ಹೇಗೆ ಅತ್ತಿಗೆ ಇಷ್ಟೊಂದು ನೆನಪಿಟ್ಕೊಳ್ತೀರಿ?" ಎಂದು ನಾನೇ ಒಂದು ಸಲ ಕೇಳಿದ್ದೆ.

"ನಾನೆಲ್ಲಿ ನೆನಪಿಟ್ಕೊಂಡಿದ್ದೀನಿ? ಕಣ್ಣು ಮುಚ್ಕೊಂಡು ಹೇಳು ಅಂದ್ರೆ ಒಂದೂ ಬರಲ್ಲ. ಗೋಡೆ ನೋಡಿದ್ರೆ ಗೋಡೆನೇ ಹೇಳುತ್ತೆ."

ಈ ಮಾತನ್ನು ಗಂಟು ಹಾಕಿ ಇಟ್ಟುಕೊಳ್ಳಿ ಮೇಷ್ಟ್ರೇ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇತ್ತು. ಪ್ರತಿ ಬಾಗಿಲ ಎಡಕ್ಕೆ ಒಂದು ಮೊಳೆ. ತಂಪು ಕೋಣೆಯೊಳಗೆ ಹೋಗುವವನು ತನ್ನ ಟೋಪಿಯನ್ನು ಆ ಮೊಳೆಗೆ ನೇತುಹಾಕಿ ಹೋಗಬೇಕು, ಹೊರಗೆ ಬಂದಾಗ ತೆಗೆದುಕೊಳ್ಳಬೇಕು. ಬಾಗಿಲುಗಳ ಬೀಗ ಎಳೆದರೆ ತಾನಾಗಿ ಬೀಳುವಂಥದ್ದು, ತೆರೆಯಲು ಮಾತ್ರ ಬೀಗದ ಕೈ ಬೇಕು. ಜನ ಒಳಗಿರುವಾಗ ಬಾಗಿಲು ಸುಮ್ಮನೆ ಒರಗಿರುತ್ತಿತ್ತು. ಮಧ್ಯಾಹ್ನ ಊಟಕ್ಕೆ ಮುಂಚೆ ಅತ್ತಿಗೆ ಕಾರಿಡಾರಿನ ಉದ್ದಕ್ಕೂ ಹೋಗಿ, ಮೊಳೆಯ ಮೇಲೆ ಟೋಪಿ ಇಲ್ಲದ ಬಾಗಿಲುಗಳನ್ನೆಲ್ಲ ಎಳೆದು ಬರುತ್ತಿದ್ದರು. ಟೋಪಿ ಇದ್ದರೆ ಒಳಗೆ ತಲೆ ಇದೆ ಎಂದು ಅರ್ಥ. ಒಳಗಿನಿಂದ ತೆರೆಯಲು ಹಿಡಿಯೂ ಇತ್ತು. ಮೀನಿನ ಕೋಣೆಯದು ಮಾತ್ರ ಹಿಮ ಕಟ್ಟಿ ಮುರಿದು, ಹೊಸದು ಬರುವುದರಲ್ಲಿತ್ತು.

ಆ ವಾರ ಸುಣ್ಣಬಣ್ಣ ನಡೆಯುತ್ತಿತ್ತು. ಬಣ್ಣದವನು ಕಾರಿಡಾರಿಗೆ ಬಳಿಯುವಾಗ, ಮೀನಿನ ಕೋಣೆಯ ಎಡಗಡೆ ಗಾರೆ ಉದುರುತ್ತದೆ ಎಂದು ಮೊಳೆಯನ್ನು ಕಿತ್ತು ಬಲಗಡೆ ಹೊಡೆದ. ಕದ್ದು ಮಾಡಲಿಲ್ಲ. ಎಲ್ಲರಿಗೂ ಕೂಗಿ ಹೇಳಿದ. ಅತ್ತಿಗೆಗೂ ಹೇಳಿದ. "ಅಮ್ಮಾ, ಇನ್ಮೇಲೆ ಇಲ್ಲಿ ಟೋಪಿ ಬಲಗಡೆ." ಅತ್ತಿಗೆ "ಸರಿಯಪ್ಪ" ಎಂದರು. ಮರುದಿನ ಬೆಳಿಗ್ಗೆ ನೆಲಕ್ಕೆ ಬಿದ್ದಿದ್ದ ಯಾರದೋ ಟೋಪಿಯನ್ನು ತಾವೇ ಎತ್ತಿ ಆ ಹೊಸ ಮೊಳೆಗೆ ಸಿಕ್ಕಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದರೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಅದೇ ಬೆಳಿಗ್ಗೆ ಬಣ್ಣದವನು ಅತ್ತಿಗೆಯ ಕೋಣೆಗೆ ನುಗ್ಗಿದ. ಬೀಗದ ಕೈಗಳನ್ನೆಲ್ಲ ಬಕೆಟ್ಟಿಗೆ ಸುರಿದು, ಗೋಡೆಗೆ ಬಳಿದು, ಒಣಗಿದ ಮೇಲೆ ಒಂದೊಂದಾಗಿ ತೂಗುಹಾಕಿದ. ಅತ್ತಿಗೆ ಬಂದು ನೋಡಿ ಸೊಂಟದ ಮೇಲೆ ಕೈ ಇಟ್ಟರು.

"ಏನಪ್ಪ ಇದು, ಯಾವುದು ಎಲ್ಲಿಗೆ ಹಾಕಿದ್ದೀಯ?"

"ಕೊಕ್ಕೆಗೊಂದು ಹಾಕಿದ್ದೀನಮ್ಮ. ಲೆಕ್ಕ ಸರಿಯಾಗಿದೆ. ಒಂದೂ ಕೆಳಗೆ ಬಿದ್ದಿಲ್ಲ."

"ನಿನ್ನ ಮದುವೇಲೂ ಹೀಗೇನಾ? ಹೆಣ್ಣಿಗೊಂದು ಗಂಡು ಅಂತ ಲೆಕ್ಕ ಹಾಕಿ ಬಿಟ್ಟಿದ್ರಾ?"

ಬಣ್ಣದವನು ಇಂಗು ತಿಂದ ಮಂಗನ ಹಾಗೆ ಬ್ರಷ್ಷು ಹಿಡಿದುಕೊಂಡು ನಿಂತ. ಊಟ ಆದ ಮೇಲೆ ಕೂತು ಜೋಡಿಸುತ್ತೇನೆ ಎಂದು ಅತ್ತಿಗೆ ಬಾಗಿಲು ಎಳೆಯಲು ಹೊರಟರು. ಕಾರಿಡಾರಿನ ಕೊನೆಯವರೆಗೂ ಹೋಗಿ ಬಂದರು. ಇಷ್ಟೇ ನಡೆದದ್ದು.

ಈಗ ನನ್ನ ಕಡೆಯಿಂದ ಕೇಳಿ. ನಾನು ಟೀ ಲೋಟ ಹಿಡಿದುಕೊಂಡು ಅಣ್ಣನನ್ನು ಊಟಕ್ಕೆ ಕರೆಯಲು ಬಂದೆ. ಎಲ್ಲೂ ಕಾಣಲಿಲ್ಲ. ಜೊತೆಯ ಹಮಾಲರು ತಿಂದು ಮುಗಿಸಿ ಕಾಲು ಚಾಚಿದ್ದರು. "ಮೀನಿನ ಕೋಣೇಲಿ ಒಂದು ಸಾಲು ವಾಲಿತ್ತು, ಸರಿ ಮಾಡಿ ಬರ್ತೀನಿ ಅಂದಿದ್ದ. ಆಗಲೇ ಬಂದಿರಬೇಕಲ್ಲ" ಎಂದ ಒಬ್ಬ. ನಾನು ಕಾರಿಡಾರಿನ ಕೊನೆಗೆ ನಡೆದೆ. ಬಾಗಿಲು ಮುಚ್ಚಿ ಬೀಗ ಬಿದ್ದಿತ್ತು. ಬಲಗಡೆಯ ಮೊಳೆಯ ಮೇಲೆ ಅಣ್ಣನ ಟೋಪಿ ತೂಗುತ್ತಿತ್ತು.

ಆ ಟೋಪಿಯನ್ನು ನೀವು ನೋಡಿಲ್ಲ ಮೇಷ್ಟ್ರೇ. ಮನೆಯಲ್ಲಿ ಉಳಿದಿದ್ದ ಉಣ್ಣೆಯ ತುಂಡುಗಳನ್ನೆಲ್ಲ ಸೇರಿಸಿ ಅತ್ತಿಗೆಯೇ ಹೆಣೆದದ್ದು. ಕೆಂಪು, ಹಸಿರು, ಹಳದಿ ಒಂದರ ಮೇಲೊಂದು ಬಿದ್ದು ಜಗಳವಾಡುತ್ತಿದ್ದವು. ಒಡೆದ ಕುಂಬಳಕಾಯಿ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಊರಾಚೆಯಿಂದಲೂ ಕಾಣುವ ಟೋಪಿ. ಅದು ಕಣ್ಣಿಗೆ ಬೀಳಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಾನೂ ನಂಬುತ್ತಿರಲಿಲ್ಲ.

ಬಾಗಿಲಿಗೆ ಕಿವಿ ಕೊಟ್ಟೆ. ಏನೂ ಇಲ್ಲ. ಲೋಟದಿಂದ ಬಡಿದೆ. ಸ್ವಲ್ಪ ಹೊತ್ತಾದ ಮೇಲೆ ಬಹಳ ದೂರದಲ್ಲಿ ಯಾರೋ ದಿಂಬು ಕೆಡವಿದಂಥ ಒಂದು ಸದ್ದು ಬಂತು. ಲೋಟ ಬಿಸಾಡಿ ಓಡಿದೆ.

"ಅತ್ತಿಗೆ, ಮೀನಿನ ಕೋಣೆ ಕೀ ಕೊಡಿ."

"ಯಾಕೋ ಹೀಗೆ ಓಡಿ ಬಂದೆ?"

"ಅಣ್ಣ ಒಳಗಿದ್ದಾನೆ."

"ಇಲ್ಲ, ಟೋಪಿ ಇರಲಿಲ್ಲ. ನಾನು ನೋಡ್ದೆ."

"ಟೋಪಿ ಇದೆ ಅತ್ತಿಗೆ. ಬಲಗಡೆ."

ಅತ್ತಿಗೆ ಸ್ಟೂಲಿನಿಂದ ಎದ್ದರು. ಮುಖ ಹೊಸದಾಗಿ ಬಳಿದ ಗೋಡೆಯ ಬಣ್ಣಕ್ಕೆ ತಿರುಗಿತು. ಮರುಕ್ಷಣ ಕೈ ಚಾಚಿ ಮೀಟರ್ ಡಬ್ಬದ ಕೆಳಗೆ, ಬಿರುಕು ಕವಲೊಡೆಯುವ ಕಡೆಯ ಕೊಕ್ಕೆಯಿಂದ ಬೀಗದ ಕೈ ಕಿತ್ತುಕೊಂಡು ಓಡಿದರು. ನಾನೂ ಹಿಂದೆ ಓಡಿದೆ. ಗೋಡೆಯ ಮೇಲಿನದೆಲ್ಲ ಅದಲುಬದಲಾಗಿದೆ ಎಂದು ಆಗತಾನೇ ಬಣ್ಣದವನಿಗೆ ಬೈದು ಬಂದ ಹೆಂಗಸು ಅವರು. ಇಬ್ಬರಿಗೂ ಅದು ಹೊಳೆಯಲಿಲ್ಲ. ಬೀಗದ ಕೈ ತೂತಿನೊಳಗೆ ಹೋಯಿತು, ಅರ್ಧ ತಿರುಗಿತು, ಸಿಕ್ಕಿಕೊಂಡಿತು. ನಾನು ಎರಡೂ ಕೈಯಲ್ಲಿ ಅಲ್ಲಾಡಿಸಿ ಅಲ್ಲಾಡಿಸಿ ಹೊರಗೆ ಎಳೆದಾಗ ಅದರ ಮೂತಿ ಸೊಟ್ಟಗಾಗಿತ್ತು. ಅದು ಬೆಣ್ಣೆ ಕೋಣೆಯದು ಎಂದು ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಮ್ಯಾನೇಜರು ಓಡಿ ಬಂದರು. ಒಳ್ಳೆಯ ಮನುಷ್ಯ. ಕೂಗಾಡಲಿಲ್ಲ. ಇನ್ನೊಂದು ಬೀಗದ ಕೈ ಮೀನಿನ ವ್ಯಾಪಾರಿಯ ಹತ್ತಿರ ಇತ್ತು, ಅವನು ಬೇರೆ ಊರಲ್ಲಿದ್ದ. ಗ್ಯಾಸ್ ಕಟರ್ ತರಲು ಆಳು ಹೋದ. "ಅದು ಬಂದ್ರೂ ಕಷ್ಟ" ಎಂದರು ಮ್ಯಾನೇಜರು. "ಚಳಿ ತಡೆಯೋಕೆ ಬಾಗಿಲೊಳಗೆ ತುಂಬಿರೋದಕ್ಕೆ ಬೆಂಕಿ ಹೊತ್ಕೊಂಡ್ರೆ ಹೊಗೆ ಎಲ್ಲ ಒಳಗೇ ಹೋಗುತ್ತೆ. ಕೀನೇ ಸಿಗಬೇಕು. ಕೈಗೆ ಸಿಕ್ಕಿದ್ದನ್ನ ಹಾಕಿ ತಿರುಗಿಸಬೇಡಿ, ಒಂದು ಒಳಗೆ ಮುರಿದ್ರೆ ಆಮೇಲೆ ಸರಿಯಾದದ್ದು ಸಿಕ್ಕಿದ್ರೂ ಅಷ್ಟೇ."

ನಾನು ಹೋಗಿ ಯಂತ್ರ ನಿಲ್ಲಿಸಿ ಬಂದೆ. ಆದರೆ ಚಳಿ ಎಂದರೆ ನಲ್ಲಿ ನೀರಲ್ಲ, ತಿರುಗಿಸಿದ ಕೂಡಲೇ ನಿಲ್ಲಲು. ಅಷ್ಟು ಹೆಪ್ಪುಗಟ್ಟಿದ ಮೀನು ಒಂದು ದಿನವಾದರೂ ಬಿಸಿಯಾಗುವುದಿಲ್ಲ. ಅಣ್ಣನ ಮೈಮೇಲೆ ಇದ್ದದ್ದು ಹಳೆಯ ಜಾಕೆಟ್ಟು, ಒಂದು ತೋಳು ಹರಿದಿತ್ತು. ತಲೆಯ ಮೇಲೆ ಏನೂ ಇರಲಿಲ್ಲ. ಟೋಪಿ ಹೊರಗಿತ್ತಲ್ಲ.

ಮ್ಯಾನೇಜರು, ಬಣ್ಣದವನು, ನಾನು ಗೋಡೆಯ ಮೇಲೆ ಬಿದ್ದೆವು. ಬಿಲ್ಲೆಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆವು. ಹತ್ತು ನೋಡಿದರೆ ಒಂದರಲ್ಲಿ ಅಂಕಿ.

"ಅಮ್ಮಾ, ಅದು ನೋಡೋಕೆ ಹೇಗಿದೆ ಹೇಳಿ. ಉದ್ದಾನಾ, ಮೋಟಾ? ಹಲ್ಲು ಎಷ್ಟಿದೆ?" ಎಂದು ಮ್ಯಾನೇಜರು ಕೇಳಿದರು.

ಅತ್ತಿಗೆ ಅಳತೆ ತೋರಿಸಲು ಎರಡು ಬೆರಳು ಎತ್ತಿದರು. ಮತ್ತೆ ಇಳಿಸಿದರು.

"ಗೊತ್ತಿಲ್ಲ" ಎಂದರು.

"ದಿನಾ ಕೈಯಲ್ಲಿ ಹಿಡಿದಿದ್ದೀರಲ್ಲಮ್ಮ."

"ಹಿಡಿದಿದ್ದೀನಿ. ಅದು ಎಲ್ಲಿರುತ್ತೆ ಅಂತ ಗೊತ್ತು. ಹೇಗಿರುತ್ತೆ ಅಂತ ಯಾವತ್ತೂ ನೋಡಿಲ್ಲ. ಕೈಗೆ ಬಂದ್ರೆ ಇದೇ ಅಂತ ಗೊತ್ತಾಗುತ್ತೆ, ಹೇಳೋಕೆ ಬರಲ್ಲ."

ಅವರೂ ನಮ್ಮ ಪಕ್ಕ ನಿಂತು ಹುಡುಕಲು ಶುರು ಮಾಡಿದರು. ಎಡದ ಮೂಲೆಯಿಂದ ಹೊರಟರು. ಒಂದು, ಎರಡು ನೋಡುವಷ್ಟರಲ್ಲಿ ಕುತ್ತಿಗೆ ತಾನಾಗಿ ತಿರುಗಿ ಮೀಟರ್ ಡಬ್ಬದ ಕೆಳಗೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ಈಗ ಬರೀ ಕೊಕ್ಕೆ. ಅವರು ತಲೆ ಕೊಡವಿ ಮತ್ತೆ ಎಡಕ್ಕೆ ಬರುತ್ತಿದ್ದರು. ಎಲ್ಲಿಯವರೆಗೆ ನೋಡಿದ್ದೆ ಎಂಬುದು ಮರೆತಿರುತ್ತಿತ್ತು. ಮತ್ತೆ ಮೊದಲಿಂದ. ಮತ್ತೆ ಕಣ್ಣು ಆ ಖಾಲಿ ಕೊಕ್ಕೆಗೆ.

"ಅಲ್ಲಿ ಯಾಕೆ ನೋಡ್ತೀರಿ ಅತ್ತಿಗೆ, ಅಲ್ಲೇನೂ ಇಲ್ಲ" ಎಂದೆ ನಾನು.

"ನಾನು ನೋಡ್ತಿಲ್ವೋ. ಅದೇ ಹೋಗುತ್ತೆ. ನೋಡಬಾರದು ಅಂದಷ್ಟೂ ಅಲ್ಲಿಗೇ ಓಡುತ್ತೆ."

ಕೊಕ್ಕೆಯ ಮೇಲೆ ಅಂಗೈ ಒತ್ತಿ ಮುಚ್ಚಿದರು. ಆಗ ಅಂಗೈಯನ್ನೇ ನೋಡತೊಡಗಿದರು. ಕೈ ಬಿಟ್ಟು ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡರು. ಬಣ್ಣದವನು ಅಳುವ ದನಿಯಲ್ಲಿ, "ನಾನು ಹೇಳಿದ್ದೆನಲ್ಲಮ್ಮ, ಬಲಗಡೆ ಅಂತ" ಎಂದ. ಯಾರನ್ನೂ ಚುಚ್ಚಲು ಹೇಳಿದ್ದಲ್ಲ, ಹೆದರಿ ಹೇಳಿದ್ದು. ಆದರೂ ಆ ಮಾತು ಆ ಕೋಣೆಯಲ್ಲಿ ಕೆಟ್ಟದಾಗಿ ಕೇಳಿಸಿತು. ಅತ್ತಿಗೆ ತಟ್ಟನೆ ತಿರುಗಿ ಹೊರಗೆ ಹೊರಟುಹೋದರು.

ಮ್ಯಾನೇಜರು ನನ್ನ ಮುಖ ನೋಡಿದರು. ಅವರ ಕೈಯಲ್ಲಿ ಆಗಲೇ ಆಸೆ ಬಿಟ್ಟವನ ನಿಧಾನ ಬಂದಿತ್ತು. "ಹೋಗಿ ನೋಡಪ್ಪ, ಬಿದ್ದುಗಿದ್ದಾರು" ಎಂದರು.

ಅತ್ತಿಗೆ ಮೀನಿನ ಕೋಣೆಯ ಬಾಗಿಲಿಗೆ ಮುಖ ಒತ್ತಿಕೊಂಡು ನಿಂತಿದ್ದರು. ಆ ಬಾಗಿಲ ನಡುವೆ ಬಳೆಯಷ್ಟು ಅಗಲದ ಗಾಜಿನ ಕಿಂಡಿ ಇತ್ತು. ಒಳಗಿನ ಮಗ್ಗುಲಲ್ಲಿ ಯಾವಾಗಲೂ ಹಿಮ ಕೂತು ಬೆಳ್ಳಗಿರುತ್ತಿತ್ತು. ಅವರು ಬಾಗಿಲನ್ನು ಬಡಿದು, "ರೀ, ಇಲ್ಲಿದ್ದೀನಿ ರೀ, ಕಿಂಡಿ ಹತ್ರ ಬನ್ನಿ" ಎಂದು ಕೂಗಿದರು. ಎಷ್ಟು ಹೊತ್ತಾಯಿತೋ. ನನಗೆ ಮಾತ್ರ ಒಂದು ವರ್ಷ ಕಳೆದ ಹಾಗಿತ್ತು. ಆಮೇಲೆ ಆ ಬಿಳುಪಿನಲ್ಲಿ ಏನೋ ಅಲುಗಾಡಿತು. ಒಳಗಿನಿಂದ ಒಂದು ಬೆರಳು ಬಂದು ಹಿಮವನ್ನು ಕೆರೆಯಿತು. ಹುಣಸೆ ಬೀಜದಷ್ಟು ಜಾಗ ತೆರೆಯಿತು. ಅದರಲ್ಲಿ ಒಂದು ಉಗುರು ಕಂಡಿತು, ಬರೀ ಉಗುರು, ಆದರೆ ಆಚೀಚೆ ಏನೂ ಇಲ್ಲದ್ದರಿಂದ ಅದರ ಮೇಲಿನ ಹಳೆಯ ಗಾಯದ ಗೆರೆಯೂ ಕಂಡಿತು. ಮತ್ತೆ ಹಿಮ ಮುಚ್ಚಿಕೊಂಡಿತು. ಬೆರಳು ಎರಡನೇ ಸಲ ಬರಲಿಲ್ಲ.

ಅತ್ತಿಗೆ ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಆ ಕಿಂಡಿಯನ್ನೇ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಒಂದು ರಟ್ಟು ಕೊಡು" ಎಂದರು.

"ಏನು?"

"ಸೇಬಿನ ಪೆಟ್ಟಿಗೆ ರಟ್ಟು. ದೊಡ್ಡದು. ಬೇಗ."

ಬುದ್ಧಿಯ ಸ್ತಿಮಿತ ತಪ್ಪಿತು ಎಂದುಕೊಂಡೇ ತಂದುಕೊಟ್ಟೆ. ಬಣ್ಣದವನ ಕೆರೆಯುವ ಪಟ್ಟಿ ಕಸಿದುಕೊಂಡು ರಟ್ಟಿನ ನಡುವೆ ಒಂದು ತೂತು ಕೊರೆದರು. ಒಂದು ಬೀಗದ ಕೈ ಕಾಣುವಷ್ಟು, ಅದಕ್ಕಿಂತ ಹೆಚ್ಚಿಲ್ಲ.

"ನೀವೆಲ್ಲ ಹಿಂದೆ ಸರೀರಿ. ಗೋಡೆ ಕಾಣಬಾರದು ನಂಗೆ. ಗೋಡೆ ಕಂಡ್ರೆ ಅದು ಹೇಳಿದ ಕಡೆ ಕಣ್ಣು ಹೋಗುತ್ತೆ. ಕಣ್ಣಿಗೆ ದಾರಿನೇ ಇಲ್ಲ ಅಂದ್ರೆ ಎಲ್ಲಿಗೆ ಹೋಗುತ್ತೆ ನೋಡ್ತೀನಿ."

ಮುಖವನ್ನು ರಟ್ಟಿನ ಹತ್ತಿರ ತಂದು, ರಟ್ಟನ್ನು ಗೋಡೆಗೆ ತಾಗಿಸಿ, ಮೇಲಿನ ಎಡ ಮೂಲೆಯಿಂದ ಹೊರಟರು. ಅವರಿಗೆ ಮೀಟರ್ ಡಬ್ಬ ಇಲ್ಲ, ಬಿರುಕು ಇಲ್ಲ, ಸಾಲು ಇಲ್ಲ. ತೂತಿನಲ್ಲಿ ಒಂದು ಬೀಗದ ಕೈ, ಅದರಾಚೆ ರಟ್ಟು. ತೂತಿನೊಳಗೆ ಹೆಬ್ಬೆರಳು ತೂರಿಸಿ ಹಿಡಿ ಸವರುವುದು. ಅಲ್ಲ. ಜರುಗುವುದು. ಸವರುವುದು. ಅಲ್ಲ. ನಾನು ಹಿಂದೆ ನಿಂತು ರಟ್ಟು ವಾಲದ ಹಾಗೆ ಹಿಡಿದಿದ್ದೆ. ಬೇಗ ಅತ್ತಿಗೆ, ಬೇಗ, ಎಂದು ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದೆ. ಬೇಗ ಎಂದರೆ ಹಳೆಯ ಆಳು ಮತ್ತೆ ಎದ್ದು ಓಡುತ್ತಾನೆ ಎಂದು ಅಷ್ಟು ಹೊತ್ತಿಗೆ ನನಗೂ ಅರ್ಥವಾಗಿತ್ತು. ಮೀಟರ್ ಡಬ್ಬದ ಕೆಳಗಿನ ಖಾಲಿ ಕೊಕ್ಕೆಯ ಮೇಲೆ ತೂತು ಬಂತು. ಅತ್ತಿಗೆಗೆ ಅದು ಅದೇ ಕೊಕ್ಕೆ ಎಂಬುದೂ ತಿಳಿಯಲಿಲ್ಲ. "ಇದು ಖಾಲಿ" ಎಂದು ಮುಂದೆ ಜರುಗಿದರು.

ಕೆಳಗಿನ ಸಾಲು, ಬಾಗಿಲ ಹಿಂದಿನ ಮೂಲೆ. ಬಣ್ಣ ಬಳಿಯುವ ಮೊದಲು ಅಲ್ಲಿ ಕಳೆದುಹೋದ ಬೀಗಗಳ, ಕಿತ್ತುಹಾಕಿದ ಬಾಗಿಲುಗಳ ಸತ್ತ ಬೀಗದ ಕೈಗಳು ತೂಗುತ್ತಿದ್ದವು. ಅಲ್ಲಿ ಬೇಕಾದದ್ದು ಏನೂ ಇರುವುದಿಲ್ಲ ಎಂದು ಅವರ ಕಣ್ಣು ವರ್ಷಗಟ್ಟಲೆ ಕಲಿತಿತ್ತು. ನೆಲಕ್ಕೆ ಮಂಡಿಯೂರಿ ಹೆಬ್ಬೆರಳು ತೂರಿಸಿದರು. ಬೆರಳು ಅಲ್ಲೇ ನಿಂತಿತು. ಹಿಡಿಯ ಮೇಲೆ ಅವರದೇ ಹೆಬ್ಬೆರಳು ತಿರುಗಿಸಿ ತಿರುಗಿಸಿ ಮಾಡಿದ ಒಂದು ಹಳ್ಳ ಇತ್ತಂತೆ. ಬೆರಳು ಅದರಲ್ಲಿ ಹೋಗಿ ಕೂತಿತು.

"ಇದೇ" ಎಂದರು. ಕೂಗಲಿಲ್ಲ.

ಬಾಗಿಲು ತೆರೆದಾಗ ಅಣ್ಣ ಹೊಸ್ತಿಲ ಹತ್ತಿರ ಪೆಟ್ಟಿಗೆಗೆ ಒರಗಿ ಕೂತಿದ್ದ. ಹುಬ್ಬು ಬಿಳಿಯಾಗಿತ್ತು. ಹೊತ್ತು ಕಳೆಯಲು, ಮೈ ಬಿಸಿ ಇಡಲು, ಇಡೀ ಕೋಣೆಯ ಪೆಟ್ಟಿಗೆಗಳನ್ನು ಆ ಗೋಡೆಯಿಂದ ಈ ಗೋಡೆಗೆ ಹೊತ್ತು ಹಾಕಿದ್ದ ಎಂದು ಆಮೇಲೆ ಹೇಳುತ್ತಿದ್ದ. ಇಡೀ ಕೋಣೆಯಲ್ಲ, ಒಂದು ಸಾಲು. ಉಳಿದದ್ದು ನಮ್ಮ ಮನೆತನದ ಉತ್ಪ್ರೇಕ್ಷೆ. ನಾನೂ ಮ್ಯಾನೇಜರೂ ಹೊರಗೆ ಎಳೆದುಕೊಂಡೆವು. ಅತ್ತಿಗೆ ಅವನ ತಲೆಯನ್ನು ಎದೆಗೆ ಒತ್ತಿಕೊಂಡರು. ಅವನ ತುಟಿ ಅಲುಗಾಡಲು ಬಹಳ ಹೊತ್ತು ಹಿಡಿಯಿತು.

"ಟೋಪಿ ನೇತುಹಾಕಿದ್ದೆ ಕಣೇ" ಎಂದ.

"ಹಾಕಿದ್ರಿ ರೀ. ನಾನು ನೋಡ್ಲಿಲ್ಲ."

ಎಡಗಾಲಿನ ಕಿರುಬೆರಳು ಹೋಯಿತು. ಅಷ್ಟರಲ್ಲೇ ಮುಗಿಯಿತು.

ಈಗ ಗಮನ ಕೊಡಲಿಲ್ಲ ಎಂಬ ನಿಮ್ಮ ಮಾತಿಗೆ ಬರೋಣ. ಅದನ್ನು ನಿಮಗಿಂತ ಮುಂಚೆ ಮ್ಯಾನೇಜರು ಎತ್ತಿದ್ದರು. ಅಣ್ಣ ಆಸ್ಪತ್ರೆಯಿಂದ ಬಂದ ಮೇಲೆ ಅತ್ತಿಗೆಯನ್ನು ಕರೆಸಿದರು. ಕೆಲಸ ಹೋಗುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದೆವು. ನಾನು ಬಾಗಿಲ ಹತ್ತಿರ ಯಂತ್ರಕ್ಕೆ ಎಣ್ಣೆ ಬಿಡುವವನ ಹಾಗೆ ನಿಂತಿದ್ದೆ. ಅಲ್ಲಿ ಯಂತ್ರವೇ ಇರಲಿಲ್ಲ.

"ಮೊಳೆ ಬದಲಾಗಿದ್ದು ಗೊತ್ತಿತ್ತಾ?"

"ಗೊತ್ತಿತ್ತು."

"ಬಾಗಿಲು ಎಳೆಯೋ ಮುಂಚೆ ನೋಡಿದ್ರಾ?"

"ನೋಡ್ದೆ."

"ಎಲ್ಲಿ?"

"ಮೊಳೆ ಇದ್ದ ಕಡೆ."

"ಇರೋ ಕಡೆ ಅಲ್ಲ."

"ಅಲ್ಲ."

ಅತ್ತಿಗೆ ಇನ್ನೊಂದು ಮಾತು ಸೇರಿಸಿದರೆ ಸಾಕಿತ್ತು. ಆ ಮಾತನ್ನು ಮ್ಯಾನೇಜರೇ ಅವರ ಬಾಯಿಗೆ ಇಟ್ಟುಕೊಟ್ಟರು. "ಕಣ್ಣು ತಾನಾಗಿ ಹೋಯ್ತು ಅಂತೀರಿ. ನಿಮ್ಮ ಕೈಲಿ ಇರಲಿಲ್ಲ."

ಹೌದು ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು ಮೇಷ್ಟ್ರೇ. ನಾನು ಬಾಗಿಲ ಹಿಂದೆ ಹೌದು ಅನ್ನಿ, ಹೌದು ಅನ್ನಿ ಎಂದು ತಲೆ ಆಡಿಸುತ್ತಿದ್ದೆ.

"ಕಣ್ಣು ತಾನಾಗೇ ಹೋಯ್ತು ಸರ್, ಅದು ನಿಜ" ಎಂದರು ಅತ್ತಿಗೆ. "ಆದ್ರೆ ಅದು ಹಾಗೆ ಹೋಗುತ್ತೆ ಅಂತ ನಂಗೆ ಗೊತ್ತಿತ್ತು. ದಿನಾ ಅದರಿಂದಲೇ ಅನ್ನ ತಿಂತಿದ್ದೆ. ಎಲ್ಲರೂ ಹೊಗಳಿದಾಗ ಖುಷಿಯಾಗ್ತಿತ್ತು. ಹೋಗೋ ಕಣ್ಣನ್ನ ನಿಲ್ಲಿಸೋಕೆ ನನ್ನ ಕೈಲಿ ಆಗಲ್ಲ. ಹೋಗೋ ದಾರಿ ಕೆಡಿಸೋಕೆ ಆಗುತ್ತೆ. 'ಸರಿಯಪ್ಪ' ಅಂದಾಗಲೇ ಎಡಗಡೆ ಏನಾದ್ರೂ ಅಡ್ಡ ಇಟ್ಟಿದ್ರೆ ಮುಗೀತಿತ್ತು. ಇಡಲಿಲ್ಲ."

ಮ್ಯಾನೇಜರು ಮೇಜಿನ ಮೇಲಿನ ಪೇಪರ್ ವೆಯ್ಟ್ ಎತ್ತಿ ಎಡಗಡೆಯಿಂದ ಬಲಗಡೆಗೆ ಇಟ್ಟರು. "ಹಾಗಾದ್ರೆ ಹೋಗಿ ಇಡಿ" ಎಂದರು. "ಎಲ್ಲ ಬಾಗಿಲಿಗೂ."

ಹೀಗೆ ಕೆಲಸ ಉಳಿಯಿತು. ಅಂದಿನಿಂದ ಅತ್ತಿಗೆ ಬಾಗಿಲು ಎಳೆಯುವ ಮುಂಚೆ ಕಣ್ಣಿನ ಮಾತು ಕೇಳಲಿಲ್ಲ. ಬಾಗಿಲ ಎರಡೂ ಮಗ್ಗುಲಿನ ಗೋಡೆಯನ್ನು ಅಂಗೈಯಿಂದ ಸವರುತ್ತಿದ್ದರು, ಒಳಗೆ ತಲೆ ಹಾಕಿ ಕೂಗುತ್ತಿದ್ದರು. ಹೊಸಬರು ನಗುತ್ತಿದ್ದರು, ಗೋಡೆಗೆ ಬೆಣ್ಣೆ ಹಚ್ಚುತ್ತಿದ್ದೀರಾ ಅಮ್ಮ ಎಂದು. ಬೀಗದ ಕೈಗಳಿಗೆ ದಪ್ಪ ಅಂಕಿಯ ಹೊಸ ಬಿಲ್ಲೆ ಬಂತು. ಅದೂ ಸಾಲದೆ ಆಗಾಗ ಒಂದಷ್ಟನ್ನು ಬೇಕೆಂದೇ ಅದಲುಬದಲು ಮಾಡುತ್ತಿದ್ದರು. ಲಾರಿಯವನು ಬೆಣ್ಣೆ ಎಂದರೆ ಈಗ ಎದ್ದು, ಅಂಕಿ ಓದಿ, ಬಾಯಲ್ಲಿ ಹೇಳಿ ಕೊಡುತ್ತಿದ್ದರು. ಬೀಗದಮ್ಮನಿಗೆ ವಯಸ್ಸಾಯಿತು ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ ಎಂದರು.

ಈ ರೋಗ ಮನೆಗೂ ಬಂತು, ಅದೇ ನಮ್ಮ ಕಷ್ಟ. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಒಂದು ಕಡೆ ನಿಂತದ್ದಿಲ್ಲ. ಸಕ್ಕರೆ ನಿನ್ನೆ ಕಿಟಕಿಯಲ್ಲಿತ್ತು, ಇವತ್ತು ಎಲ್ಲಿದೆಯೋ. ಒಂದು ಸಲ ನಾನು ನಿದ್ದೆಗಣ್ಣಲ್ಲಿ ಹಲ್ಲುಪುಡಿ ಇರುವ ಕಡೆ ಕೈ ಹಾಕಿ ಬಟ್ಟೆ ಸೋಪಿನ ಪುಡಿಯಲ್ಲಿ ಹಲ್ಲುಜ್ಜಿದೆ. ಬಾಯಿಂದ ಬಂದ ಗುಳ್ಳೆ ಬೀದಿ ದಾಟಿ ನಿಮ್ಮ ಮನೆಯ ಮಹಡಿಯವರೆಗೆ ಹಾರಿತ್ತು. ನಿಮ್ಮ ಮನೆಯಾಕೆ ಮಳೆ ಬರುತ್ತದೆ ಎಂದು ಬಟ್ಟೆ ಎತ್ತಿಟ್ಟರು. ಬೇಕಾದರೆ ಕೇಳಿ ನೋಡಿ.

ನಾಳೆ ಬಂದಾಗ ನೀವು ಹೇಳುವುದು ನನಗೆ ಗೊತ್ತು. "ನೋಡಿ, ನಿಮ್ಮ ಅತ್ತಿಗೆಯೇ ತಪ್ಪು ಒಪ್ಪಿದರಲ್ಲ, ನಾನು ಹೇಳಿದ್ದೂ ಅದೇ" ಎನ್ನುತ್ತೀರಿ. ಅದೇ ಅಲ್ಲ ಮೇಷ್ಟ್ರೇ. ಗಮನ ಕೊಡಲಿಲ್ಲ ಎಂದು ನೀವು ಹೇಳಿದಿರಿ. ಅವರು ಗಮನ ಕೊಟ್ಟರು. ಅವರು ಕೊಡುವ ಮೊದಲೇ ಅದು ಹೋಗಿಬಿಟ್ಟಿತ್ತು, ಅಷ್ಟೇ. ಅದಕ್ಕೇ ನಿಮ್ಮ ಜೊತೆ ನನ್ನ...

"ಏನಪ್ಪಾ, ಯಾರ ಹತ್ರ ಮಾತಾಡ್ತಿದ್ದೀಯ? ಮೇಷ್ಟ್ರು ಹೋಗಿ ಎಷ್ಟು ಹೊತ್ತಾಯ್ತು."

ಅತ್ತಿಗೆ. ಒಳಗಿನಿಂದ.

"ಊಟ ಬಡಿಸಿದ್ದೀನಿ, ನಿಮ್ಮಣ್ಣ ಕೂತಾಗಿದೆ. ಬಾ. ಇವತ್ತು ನಿನ್ನ ತಟ್ಟೆ ಅಲ್ಲಿಲ್ಲ, ಈ ಕಡೆ ಇಟ್ಟಿದ್ದೀನಿ, ನೋಡ್ಕೊಂಡು ಕೂತ್ಕೋ."

"ಗೊತ್ತಾಯ್ತು ಅತ್ತಿಗೆ, ಈ ಕಡೆ."

"ಗೊತ್ತಾಯ್ತು ಅಂತ ಬಾಯಲ್ಲಿ ಹೇಳ್ಬೇಡ. ನೆಲ ಮುಟ್ಟಿ ಕೂತ್ಕೋ."